ನಾಲ್ಕನೆಯ ಚುಕ್ಕೆ

ಮೂವತ್ತು ವರ್ಷ ಕಸದ ಅಧ್ಯಯನ ಮಾಡಿ, ಕಸದ ಮೇಲೆ ಡಾಕ್ಟರೇಟು ಪಡೆದು, ಕೊನೆಗೆ ಕಸದ ನಡುವೆಯೇ ಸಂಸಾರ ಹೂಡಿದ ಮನುಷ್ಯನನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ಅವನ ಮೂಗು ಒರೆಸಿ ಶಾಲೆಗೆ ಕಳುಹಿಸಿದವಳೇ ನಾನು. ನನ್ನ ತಮ್ಮ!

ಅಕ್ಕನ ಕುಹಕ ಎಂದುಕೊಳ್ಳಬೇಡಿ. ಅವನೇ ಹಾಗೆ ಹೇಳಿಕೊಳ್ಳುವುದು. ನವಿ ಮುಂಬಯಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ಅವನು ವಿಜ್ಞಾನಿಯಾಗಿದ್ದ. ನಮ್ಮ ಮೈಯ ಒಂದೊಂದು ಜೀವಕೋಶದಲ್ಲೂ ಸಾವಿರಾರು ಬಗೆಯ ಪ್ರೋಟೀನುಗಳು ದುಡಿಯುತ್ತಿರುತ್ತವಂತೆ. ದುಡಿದು ಹಾಳಾದದ್ದನ್ನು, ತಪ್ಪಾಗಿ ತಯಾರಾದದ್ದನ್ನು ಕೋಶವೇ ಗುರುತಿಸಿ, ಕತ್ತರಿಸಿ, ಚೂರುಗಳನ್ನು ಮತ್ತೆ ಬಳಸಿಕೊಳ್ಳುತ್ತದಂತೆ. ಈ ವ್ಯವಹಾರ ಹೇಗೆ ನಡೆಯುತ್ತದೆ ಎಂದು ನೋಡುವುದೇ ಅವನ ಉದ್ಯೋಗ. ಆದರೆ ಯಾರಾದರೂ ಕೇಳಿದರೆ ಇಷ್ಟನ್ನೂ ಹೇಳುವ ತಾಳ್ಮೆ ಅವನಿಗಿಲ್ಲ. "ಕಸ ವಿಲೇವಾರಿ" ಎಂದುಬಿಡುತ್ತಾನೆ. ಕಲ್ಯಾಣದಲ್ಲಿ ಹೋಟೆಲಿದ್ದ ನಮ್ಮ ಊರಿನವರೊಬ್ಬರು ಮಗಳನ್ನು ಕೊಡುವ ಯೋಚನೆಯಲ್ಲಿದ್ದಾಗ ಇದನ್ನು ಕೇಳಿ ಖುಷಿಯಾದರು.

"ಹೌದಾ! ಮುನಿಸಿಪಾಲ್ಟಿಯಲ್ಲಾ? ಪರ್ಮನೆಂಟಾ?"

"ಅಲ್ಲ, ಜೀವಕೋಶದಲ್ಲಿ."

ಸಂಬಂಧ ಅಲ್ಲಿಗೆ ಮುಗಿಯಿತು. ಬಾಯಿ ಮುಚ್ಚಿಕೊಂಡು ಮುನಿಸಿಪಾಲ್ಟಿ ಎಂದಿದ್ದರೆ ಮನೆಗೊಬ್ಬಳು ಸೊಸೆಯಾದರೂ ಬರುತ್ತಿದ್ದಳು!

ನನ್ನ ಬಗ್ಗೆಯೂ ಎರಡು ಮಾತು ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮಗೆ ಅರ್ಥವಾಗದು. ನಾನು ಥಾಣೆಯ ಒಂದು ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ಮೇಟ್ರನ್ ಆಗಿ ನಿವೃತ್ತಳಾದವಳು. ಬೆಳಿಗ್ಗೆ ಐದಕ್ಕೆ ಏಳುವುದು, ಐದೂ ಇಪ್ಪತ್ತಕ್ಕೆ ಕಾಫಿ. ಹಾಸಿಗೆಯ ಬಟ್ಟೆಯ ಮೂಲೆ ಲಕೋಟೆಯ ಹಾಗೆ ಮಡಿಚಿರಬೇಕು. ತಾರೀಕು ಮುಗಿದ ಔಷಧ ಒಂದು ದಿನವೂ ಹೆಚ್ಚು ಕಪಾಟಿನಲ್ಲಿ ಇರಕೂಡದು. ಡೊಂಬಿವಲಿಯ ನಮ್ಮ ಮನೆಯಲ್ಲಿ ಯಜಮಾನರ ಕನ್ನಡಕಕ್ಕೆ ಒಂದು ಜಾಗ ಉಂಟು, ಯಜಮಾನರಿಗೂ ಒಂದು ಜಾಗ ಉಂಟು. ಇಬ್ಬರೂ ಅಲ್ಲಲ್ಲೇ ಇರುತ್ತಾರೆ.

ಸಾನಪಾಡಾದಲ್ಲಿರುವ ತಮ್ಮನ ಮನೆ ಹೇಗಿತ್ತು ಎಂದು ಕೇಳಬೇಡಿ. ಬಾಗಿಲು ತೆರೆಯಲು ಹೆಗಲು ಕೊಡಬೇಕಿತ್ತು. ಮುಚ್ಚಳವಿಲ್ಲದ ಮಿಕ್ಸರ್ ಜಾರು, ಜಾರಿಲ್ಲದ ಮುಚ್ಚಳ, ಕಾಲು ಮುರಿದ ಮಣೆ, ಮೂರು ಗಡಿಯಾರ, ಮೂರರಲ್ಲೂ ಮೂರು ಸಮಯ! ಜಗತ್ತಿನ ಕಸದ ರಹಸ್ಯ ಬಲ್ಲವನ ಮನೆಯಿಂದ ಒಂದು ಹಳೆಯ ಹಲ್ಲುಜ್ಜುವ ಬ್ರಶ್ ಕೂಡ ಹೊರಗೆ ಹೋಗುತ್ತಿರಲಿಲ್ಲ.

"ನಿನ್ನ ಕೋಶಗಳಿಗಿರುವ ಬುದ್ಧಿ ನಿನಗಿಲ್ಲವಲ್ಲ ಮಾರಾಯ!" ಎಂದು ಒಂದು ದಿನ ಬೈದೆ.

ಬೈಗುಳ ನಾಟಿತು. ಮುಂದಿನ ಸಲ ಹೋಗುವಾಗ ಮನೆ ತುಂಬ ಹಳದಿ ಚುಕ್ಕೆಗಳು! ಪ್ರಯೋಗಾಲಯದಲ್ಲಿ ಪುಟ್ಟ ಕೊಳವೆಗಳ ಮುಚ್ಚಳಕ್ಕೆ ಅಂಟಿಸುವ ಉರುಟು ಸ್ಟಿಕರುಗಳಂತೆ. ಕುರ್ಚಿಗೆ ಒಂದು, ಜಾರಿಗೆ ಎರಡು, ಗಡಿಯಾರಕ್ಕೆ ಮೂರು. ಮನೆಗೆ ಸಿಡುಬು ಎದ್ದ ಹಾಗಿತ್ತು.

"ಕೋಶ ಹೀಗೇ ಮಾಡುವುದು ಅಕ್ಕ. ಬೇಡವಾದ ಪ್ರೋಟೀನಿಗೆ ಒಂದು ಸಣ್ಣ ಗುರುತು ಅಂಟಿಸ್ತದೆ. ಒಂದು ಇದ್ದರೆ ಏನೂ ಆಗುವುದಿಲ್ಲ. ಒಂದರ ಬಾಲಕ್ಕೆ ಇನ್ನೊಂದು ಅಂಟಿ ಸಾಲಾಗಿ ನಾಲ್ಕು ಆಯಿತಾ, ಕತ್ತರಿಸುವ ಯಂತ್ರ ಎಳ್ಕೊಂಡು ಹೋಗ್ತದೆ. ನಾನೂ ಪ್ರತಿ ಭಾನುವಾರ ನೋಡುವುದು. ಆ ವಾರ ಬಳಸದ ವಸ್ತುವಿಗೆ ಒಂದು ಚುಕ್ಕೆ. ನಾಲ್ಕಾದರೆ ಗುಜರಿಗೆ, ಭಂಗಾರಿನವನಿಗೆ."

ನನ್ನ ಕಣ್ಣಲ್ಲಿ ನೀರು ಬಂತು. ನಾನು ಮೂವತ್ತು ವರ್ಷ ವಾರ್ಡಿನಲ್ಲಿ ಹೇಳಿಕೊಟ್ಟದ್ದನ್ನು ವಿಜ್ಞಾನ ಈಗ ಒಪ್ಪಿಕೊಂಡಿತಲ್ಲ!

ಆರು ತಿಂಗಳು ಕಳೆಯಿತು. ಒಂದು ಸಾಮಾನೂ ಹೊರಗೆ ಹೋಗಲಿಲ್ಲ. ಆಮೇಲೆ ಗುಟ್ಟು ಗೊತ್ತಾಯಿತು. ಭಾನುವಾರ ನಾಲ್ಕನೆಯ ಚುಕ್ಕೆ ಅಂಟಿಸುತ್ತಾನೆ. ಸೋಮವಾರ ಬೆಳಿಗ್ಗೆ ಎದ್ದು ಒಂದನ್ನು ಕೀಳುತ್ತಾನೆ!

"ಇದು ಎಂತ ಮೋಸ?"

"ಮೋಸ ಅಲ್ಲ ಅಕ್ಕ. ಕೋಶದಲ್ಲಿ ಅಂಟಿಸುವವರೂ ಇದ್ದಾರೆ, ಕೀಳುವವರೂ ಇದ್ದಾರೆ. ಯಂತ್ರದ ಬಾಯಿಗೆ ಹೋಗುವ ಮೊದಲು ಇನ್ನೊಮ್ಮೆ ನೋಡಿ, ಇದು ಬೇಕು ಅಂತ ಗುರುತು ಕೀಳುವುದು ಅವರ ಕೆಲಸ. ಅವರಿಲ್ಲದಿದ್ದರೆ ಒಳ್ಳೆಯದೂ ಹೋಗಿಬಿಡ್ತದೆ. ನಾನು ಇಷ್ಟು ವರ್ಷ ನೋಡುತ್ತಾ ಇರುವುದು ಅಂಥ ಒಬ್ಬ ಕೀಳುವವನನ್ನೇ."

"ಕೀಳುವವನಿಗೂ ಸರ್ಕಾರ ಸಂಬಳ ಕೊಡ್ತದಾ?"

"ಕೋಶದಲ್ಲಿ ಕೊಡ್ತದೆ" ಎಂದ, ಗಂಭೀರವಾಗಿ.

ಆ ಚುಕ್ಕೆಗಳ ಹಾಳೆ ಅವನ ಜೇಬಿನಲ್ಲೇ ಇರುತ್ತಿತ್ತು. ಒಂದು ಭಾನುವಾರ ಡೊಂಬಿವಲಿಗೆ ಊಟಕ್ಕೆ ಬಂದಿದ್ದ. ನಾನು ಪಾತ್ರೆ ಎತ್ತಿಟ್ಟು ಬರುವಷ್ಟರಲ್ಲಿ, ಕುರ್ಚಿಯಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದ ಯಜಮಾನರ ಬೋಳುತಲೆಯ ಮೇಲೆ ಒಂದು ಹಳದಿ ಚುಕ್ಕೆ!

"ಇದು ಎಂತದು?"

"ಭಾವ ಎರಡು ಗಂಟೆಯಿಂದ ಬಳಕೆಯಲ್ಲಿಲ್ಲ ಅಕ್ಕ."

ಕಿತ್ತುಬಿಡೋಣವೆಂದರೆ ಎಚ್ಚರವಾದೀತು ಎಂದು ಬಿಟ್ಟೆ. ಬಿಟ್ಟದ್ದು ಮರೆತೇಹೋಯಿತು. ಸಂಜೆ ಅವರು ಹಾಗೆಯೇ ತರಕಾರಿಗೆ ಹೋಗಿ ಬಂದರು. ಭಾಜಿವಾಲಿ ಕೈ ಮುಗಿದು ಯಾವ ದೇವಸ್ಥಾನಕ್ಕೆ ಹೋಗಿದ್ದಿರಿ ಎಂದು ಕೇಳಿ, ಒಂದು ಕಟ್ಟು ಕೊತ್ತಂಬರಿ ಹೆಚ್ಚಿಗೆ ಕೊಟ್ಟಳಂತೆ. ಯಜಮಾನರು ಈಗಲೂ ಆ ಚುಕ್ಕೆಯ ಬಗ್ಗೆ ಗೌರವದಿಂದ ಮಾತಾಡುತ್ತಾರೆ.

ನಮ್ಮಲ್ಲಿಯ ಕನ್ನಡ ಸಂಘದವರಿಗೆ ಇವನು ವಿಜ್ಞಾನಿ ಎಂದು ಹೇಗೋ ತಿಳಿದು ಭಾಷಣಕ್ಕೆ ಕರೆದರು. ಕೇಳುವವರಿಗೆ ಅರ್ಥವಾಗಬೇಕಲ್ಲ, ಹಳದಿ ಚುಕ್ಕೆ ಹಿಡಿದುಕೊಂಡೇ ವೇದಿಕೆ ಹತ್ತಿದ. ಅಂಟಿಸುವುದು, ಕೀಳುವುದು, ಕತ್ತರಿಸುವುದು ಎಲ್ಲವನ್ನೂ ಒಂದು ಬಾಳೆಹಣ್ಣಿನ ಮೇಲೆ ಮಾಡಿ ತೋರಿಸಿದ. ಮುಂದಿನ ಸಾಲಿನಲ್ಲಿದ್ದ ಹೋಟೆಲಿನ ಶೆಟ್ಟರೊಬ್ಬರು ಕೈ ಎತ್ತಿದರು.

"ಡಾಕ್ಟ್ರೇ, ಪ್ರೋಟೀನ್ ಹಾಳಾಗುದು ಅಂತ ಹೇಳಿದ್ರಲ್ಲ. ನೆನೆ ಹಾಕಿದ ಹೆಸರುಕಾಳು ಫ್ರಿಜ್ಜಲ್ಲಿ ಎಷ್ಟು ದಿನ ಇಡ್ಲಿಕ್ಕೆ ಆಗ್ತದೆ?"

ನಾನಾಗಿದ್ದರೆ ಒಂದೇ ಮಾತಿನಲ್ಲಿ ಕೂರಿಸುತ್ತಿದ್ದೆ. ಇವನು ಕನ್ನಡಕ ತೆಗೆದು ಯೋಚಿಸಿದ! "ನೀರು ಬಸಿದು ಇಡ್ತೀರಾ, ಬಸಿಯದೆಯಾ?" ಎಂದು ಕೇಳಿದ. ಅಲ್ಲಿಂದ ಇಪ್ಪತ್ತು ನಿಮಿಷ ಸಭೆಯಲ್ಲಿ ಹೆಸರುಕಾಳಿನದ್ದೇ ಚರ್ಚೆ. ಕೊನೆಗೆ ವಂದನಾರ್ಪಣೆ ಮಾಡಿದವರು, "ಮೊಳಕೆಕಾಳಿನ ಬಗ್ಗೆ ಅಮೂಲ್ಯ ಮಾಹಿತಿ ಕೊಟ್ಟ ಡಾಕ್ಟರಿಗೆ" ಎಂದು ಶಾಲು ಹೊದಿಸಿದರು. ರಿಕ್ಷಾದಲ್ಲಿ ನಾನು ಮುಖ ಊದಿಸಿ ಕೂತಿದ್ದರೆ ಅವನು, "ಎಷ್ಟು ಒಳ್ಳೆಯ ಪ್ರಶ್ನೆ ಅಕ್ಕ!" ಎಂದು ಶಾಲು ಸವರುತ್ತಿದ್ದ. ಆ ಶಾಲಿಗೂ ಈಗ ಮೂರು ಚುಕ್ಕೆ ಬಿದ್ದಿದೆ.

ಇಲ್ಲಿಯವರೆಗೆ ಬರೆದದ್ದನ್ನು ನಾನು ನೆಂಟರ ಮನೆಗಳಲ್ಲಿ ಹಲವು ಸಲ ಹೇಳಿ ನಗಿಸಿದ್ದೇನೆ. ಇನ್ನು ಮುಂದಿನದನ್ನು ಯಾರಿಗೂ ಹೇಳಿಲ್ಲ.

ಅವನ ನಿವೃತ್ತಿಗೆ ಏಳು ತಿಂಗಳು ಇತ್ತು. ಒಂದು ಸೋಮವಾರ ಬೆಳಿಗ್ಗೆ ಜ್ವರ ಬಂದು, ಡೆಂಗಿ ಎಂದಾಗಿ, ವಾಶಿಯ ಆಸ್ಪತ್ರೆಯಲ್ಲಿ ಎಂಟು ದಿನ ಮಲಗಿದ. ನಾನು ಡೊಂಬಿವಲಿಯಿಂದ ಬಂದು ಅವನ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಗಂಜಿ ಕೊಟ್ಟು ಬಂದರೆ ಸಂಜೆಯವರೆಗೆ ಕೈಗೆ ಕೆಲಸವಿಲ್ಲ. ಎದುರಿಗೆ ಆ ಮನೆ! ನನ್ನಂಥವಳನ್ನು ಅಂಥ ಮನೆಯಲ್ಲಿ ಒಬ್ಬಳೇ ಬಿಡುವುದೆಂದರೆ ಬೆಕ್ಕನ್ನು ಮೀನಿನ ಬುಟ್ಟಿಯ ಹತ್ತಿರ ಕೂರಿಸಿದ ಹಾಗೆ.

ಆದರೂ ನಾನು ಅಡ್ಡಾದಿಡ್ಡಿ ಮಾಡುವವಳಲ್ಲ. ಅವನ ನಿಯಮವನ್ನೇ ಪಾಲಿಸಿದೆ. ಮೂರು ಚುಕ್ಕೆಯದನ್ನು ಮುಟ್ಟಲಿಲ್ಲ. ನಾಲ್ಕು ಚುಕ್ಕೆಯದನ್ನು ಮಾತ್ರ ಬಾಗಿಲ ಹತ್ತಿರ ತಂದು ಸಾಲಾಗಿ ಇಟ್ಟೆ. ಸೋಮವಾರ ಬೆಳಿಗ್ಗೆ ಕೀಳುವ ಅವನ ಅಭ್ಯಾಸ ನನಗೆ ಗೊತ್ತಿತ್ತು. ಆ ಸೋಮವಾರ ಅವನಿಗೆ ಏಳಲಿಕ್ಕೆ ಆಗಲಿಲ್ಲ ಎಂಬುದೂ ಗೊತ್ತಿತ್ತು. ಗೊತ್ತಿದ್ದೇ, ಈ ಸಲವಾದರೂ ಮನೆ ಹಗುರವಾಗಲಿ ಎಂದುಕೊಂಡೆ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು.

ಕಪಾಟಿನ ಮೇಲೆ ದೊಡ್ಡ ಕಂದು ಲಕೋಟೆಗಳ ಒಂದು ಕಟ್ಟು ಇತ್ತು. ನಾಲ್ಕು ಚುಕ್ಕೆ. ತೆರೆದು ನೋಡಿದರೆ ಎಕ್ಸ್‌ರೇ ಫಿಲ್ಮುಗಳು! ಎತ್ತಿ ಕಿಟಕಿಗೆ ಹಿಡಿದೆ. ಎಲುಬು ಇಲ್ಲ, ಶ್ವಾಸಕೋಶ ಇಲ್ಲ. ಕಾಡಿಗೆ ಬೆರಳಿನಿಂದ ಯಾರೋ ಒತ್ತಿದ ಹಾಗೆ ಸಾಲುಸಾಲು ಕಪ್ಪು ಗೀಟುಗಳು. ರೋಗಿಯ ಹೆಸರೂ ಇಲ್ಲ. ಯಾರೋ ಕೆಲಸ ಬಾರದ ಟೆಕ್ನಿಶಿಯನ್ ಕೆಡಿಸಿದ ಫಿಲ್ಮು ಎಂದು ತೀರ್ಮಾನಿಸಿದೆ. ಆಸ್ಪತ್ರೆಯಲ್ಲಿ ಕೆಲಸ ಮಾಡಿದವರಿಗೆ ಗೊತ್ತು, ಎಕ್ಸ್‌ರೇ ಫಿಲ್ಮಿನಲ್ಲಿ ಬೆಳ್ಳಿಯ ಅಂಶ ಇರುತ್ತದೆ, ಅದಕ್ಕೆಂದೇ ಹಳೆಯ ಫಿಲ್ಮು ಕೊಳ್ಳುವವರು ಇರುತ್ತಾರೆ. ನಮ್ಮ ಆಸ್ಪತ್ರೆಗೆ ವರ್ಷಕ್ಕೊಮ್ಮೆ ಬರುತ್ತಿದ್ದ ಕಲ್ಯಾಣದವನ ನಂಬರು ನನ್ನ ಫೋನಿನಲ್ಲಿತ್ತು. ಬೇರೆಯವರಾಗಿದ್ದರೆ ಬೀದಿಯ ರದ್ದಿಯವನಿಗೆ ಕೊಡುತ್ತಿದ್ದರು. ಅವನು ಒಂದೆರಡು ವಾರ ಅಂಗಡಿಯಲ್ಲೇ ಬಿಸಾಡಿಡುತ್ತಿದ್ದ. ನಾನು ಅಚ್ಚುಕಟ್ಟಿನವಳಲ್ಲವೇ? ಸರಿಯಾದ ವಸ್ತುವನ್ನು ಸರಿಯಾದ ಮನುಷ್ಯನಿಗೆ ಅದೇ ದಿನ ಒಪ್ಪಿಸಿದೆ. ಬಂದ ಹಣದಲ್ಲಿ ಕಿಟಕಿಗೆ ನೀಲಿ ಪರದೆ ತಂದು ಹಾಕಿದೆ.

ಆಸ್ಪತ್ರೆಯಿಂದ ಬಂದವನು ಪರದೆ ನೋಡಿ, "ಚಂದ ಉಂಟು ಅಕ್ಕ" ಎಂದ. ಕಪಾಟಿನ ಮೇಲೆ ನೋಡಲಿಲ್ಲ. ತಲೆ ಎತ್ತುವಷ್ಟು ಶಕ್ತಿ ಅವನಿಗಿರಲಿಲ್ಲ.

ಮನೆಗೆ ಬಂದ ಹತ್ತನೆಯ ದಿನ ಅವನು ಕಂಪ್ಯೂಟರಿನ ಮುಂದಿನಿಂದ ಎದ್ದು ಕುಣಿದ. ಅವನ ಆ 'ಕೀಳುವವನ' ಬಗ್ಗೆ ಬರೆದ ಲೇಖನ ವಿದೇಶದ ಒಂದು ದೊಡ್ಡ ಪತ್ರಿಕೆಗೆ ಹೋಗಿತ್ತು. ಅವರಿಂದ ಉತ್ತರ ಬಂದಿತ್ತು.

"ಒಪ್ಪಿದ್ದಾರೆ ಅಕ್ಕ! ಒಂದೇ ಒಂದು ಕೇಳಿದ್ದಾರೆ. ಮೂಲ ಫಿಲ್ಮು ತೋರಿಸಬೇಕಂತೆ, ಅಷ್ಟೇ."

"ಎಂಥ ಫಿಲ್ಮು?" ಎಂದೆ.

"ಎಕ್ಸ್‌ರೇ ಫಿಲ್ಮಿನ ಮೇಲೆ ತೆಗೆದದ್ದು. ಒಂದೊಂದು ಗೀಟೂ ಒಂದೊಂದು ಪ್ರೋಟೀನು. ದಪ್ಪ ಗೀಟು ಅಂದರೆ ಬದುಕಿದೆ, ತೆಳ್ಳಗಾದರೆ ಸಾಯ್ತಾ ಉಂಟು. ಹಳೆಯ ಕಟ್ಟಡ ಖಾಲಿ ಮಾಡುವಾಗ ಮನೆಗೆ ತಂದಿಟ್ಟಿದ್ದೆ. ಎರಡು ವರ್ಷದಿಂದ ಎಲ್ಲ ಪತ್ರಿಕೆಯವರೂ ಲೇಖನ ಬೇಡ ಬೇಡ ಅಂದು ವಾಪಸು ಕಳಿಸುತ್ತಿದ್ದರಲ್ಲ, ಬೇಜಾರಾಗಿ ಮೊನ್ನೆ ಚುಕ್ಕೆ ಅಂಟಿಸಿಬಿಟ್ಟಿದ್ದೆ" ಎನ್ನುತ್ತಾ ಸ್ಟೂಲು ಹತ್ತಿದ. ಕಪಾಟಿನ ಮೇಲೆ ಕೈಯಾಡಿಸಿದ. ಅಲ್ಲಿ ಧೂಳು ಕೂಡ ಇರಲಿಲ್ಲ. ನಾನೇ ಒರೆಸಿದ್ದೆ.

ಸ್ಟೂಲಿನ ಮೇಲೆ ನಿಂತಲ್ಲಿಂದಲೇ ನನ್ನನ್ನು ನೋಡಿದ. ಆಮೇಲೆ ಪರದೆ ನೋಡಿದ.

"ಎಷ್ಟು ಇತ್ತು, ನಾಲ್ಕಾ?" ಎಂದು ಕೇಳಿದ.

"ನಾಲ್ಕು."

"ಹಾಗಾದರೆ ನಿಯಮದ ಪ್ರಕಾರ ಸರಿಯೇ" ಎಂದು ಇಳಿದ.

ಆ ಮಧ್ಯಾಹ್ನವೇ ಥಾಣೆಯಲ್ಲಿ ಗಾಡಿ ಬದಲಿಸಿ ಕಲ್ಯಾಣಕ್ಕೆ ಹೋದೆವು. ಫಿಲ್ಮಿನವನ ಗೋದಾಮು ಸ್ಟೇಷನ್ನಿನಿಂದ ಬಹಳ ದೂರ. ಮಾಲೀಕ ಇರಲಿಲ್ಲ. ಗೋಣಿ ಹೊರುತ್ತಿದ್ದ ವಿಜಯಪುರದ ಕಡೆಯವನೊಬ್ಬ ನಮ್ಮ ಮಾತು ಕೇಳಿ ಹತ್ತಿರ ಬಂದ.

"ಕನ್ನಡದೋರೇನ್ರೀ? ಏನ್ ಹುಡುಕಾಕತ್ತೀರಿ ಅಕ್ಕಾರ?"

ಹೇಳಿದೆ. ಅವನು ತಲೆ ಆಡಿಸಿದ. "ಆ ಮಾಲು ಬಂದ್ ದಿನಾನ ತೊಳ್ದೈತ್ರಿ. ಔಷಧದ ನೀರಾಗ ಅದ್ದಿ ಬೆಳ್ಳಿ ತಗೊಂಡ್ ಬಿಡ್ತಾರ. ಹಾಳಿ ಅಷ್ಟ ಉಳದಾವ, ನೋಡ್ತೀರೇನು?"

ಒಳಗೆ ಫಿಲ್ಮುಗಳ ರಾಶಿ ಇತ್ತು. ಗಾಜಿನಂತೆ ಸ್ವಚ್ಛ, ಸ್ವಲ್ಪ ನೀಲಿ. ಯಾರ ಎದೆ, ಯಾರ ಮಂಡಿ, ಯಾರ ಪ್ರೋಟೀನು ಎಂದು ಈಗ ಬ್ರಹ್ಮನಿಗೂ ಹೇಳಲಿಕ್ಕಾಗದು. ತಮ್ಮ ಒಂದನ್ನು ಎತ್ತಿ ಬೆಳಕಿಗೆ ಹಿಡಿದ. ಅದರೊಳಗಿಂದ ಗೋದಾಮಿನ ತಗಡಿನ ಮಾಡು ಕಾಣಿಸಿತು.

"ಚೆನ್ನಾಗಿ ತೊಳೆದಿದ್ದಾರೆ" ಎಂದ.

ಗೋಣಿಯವನಿಗೆ ನಮ್ಮ ಮುಖ ನೋಡಿ ಏನನ್ನಿಸಿತೋ. "ಯಾರ್ದ್ ಎಲುಬು ಮುರದಿತ್ರೀ ಯಪ್ಪಾ?" ಎಂದು ಮೆಲ್ಲಗೆ ಕೇಳಿದ.

"ಯಾರದ್ದೂ ಇಲ್ಲಪ್ಪ. ಎಲ್ಲರೂ ಆರಾಮ" ಎಂದ ತಮ್ಮ. ಆ ಹಾಳೆಯನ್ನು ಕೇಳಿ ತೆಗೆದುಕೊಂಡ.

ಮತ್ತೆ ಪ್ರಯೋಗ ಮಾಡಬಹುದಿತ್ತಲ್ಲ ಎಂದು ನೀವು ಕೇಳುತ್ತೀರಿ. ನಾನೂ ಕೇಳಿದೆ, ದಿನಕ್ಕೆ ಮೂರು ಸಲ, ಔಷಧದ ಹಾಗೆ. ಎರಡು ವರ್ಷ ಬೇಕಂತೆ. ಅವನಲ್ಲಿ ಏಳು ತಿಂಗಳು ಇತ್ತು. ಲೇಖನವನ್ನು ಹಿಂದಕ್ಕೆ ತೆಗೆದುಕೊಂಡ. ನಾನು ಡೊಂಬಿವಲಿಗೆ ಮರಳಿ ಐದಕ್ಕೆ ಎದ್ದೆ, ಐದೂ ಇಪ್ಪತ್ತಕ್ಕೆ ಕಾಫಿ ಮಾಡಿದೆ. ಕುಡಿಯಲು ಆಗಲಿಲ್ಲ.

ಐದು ತಿಂಗಳ ನಂತರ, ಒಂದು ಬೆಳಿಗ್ಗೆ ಅದೇ ಹೊತ್ತಿಗೆ ಫೋನು. ಎಂಟಕ್ಕೆ ಮೊದಲು ಏಳದ ಪ್ರಾಣಿ!

"ಅಕ್ಕ, ಸರಿಯಂತೆ! ಹೊರದೇಶದಲ್ಲಿ ಬೇರೆ ಯಾರೋ ಅದನ್ನೇ ಕಂಡುಹಿಡಿದು ಪ್ರಕಟಿಸಿದ್ದಾರೆ. ನಾನು ಹೇಳಿದ್ದು ಸರಿಯೇ ಇತ್ತು!"

"ನಿನ್ನ ಹೆಸರು ಉಂಟಾ ಅದರಲ್ಲಿ?"

"ನನ್ನ ಹೆಸರು ಯಾಕೆ? ಪ್ರೋಟೀನಿನ ಹೆಸರು ಉಂಟಲ್ಲ!"

ನಾನು ಫೋನು ಇಟ್ಟು ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ. ಅವನು ಒಂದು ಮಾತು ಬೈದಿದ್ದರೆ ಅಷ್ಟು ಅಳು ಬರುತ್ತಿರಲಿಲ್ಲ.

ಬೀಳ್ಕೊಡುಗೆಯ ದಿನ ನಾನೂ ಯಜಮಾನರೂ ಮುಂದಿನ ಸಾಲಿನಲ್ಲಿ ಕೂತಿದ್ದೆವು. ಅವನ ವಿದ್ಯಾರ್ಥಿನಿಯೊಬ್ಬಳು ಮೈಕು ಹಿಡಿದಳು. ಘೋಡಬಂದರ್ ರಸ್ತೆಯ ಕಡೆಯ ಕನ್ನಡದ ಹುಡುಗಿಯಂತೆ. ಕನ್ನಡ ತಿಳಿಯುತ್ತದೆ, ಬಾಯಿಗೆ ಬರುವುದು ಹಿಂದಿ. ಸರ್ ಎಂಥ ಮರೆಗುಳಿ ಎಂದು ಒಂದೊಂದೇ ಕಥೆ ಹೇಳಿ ಎಲ್ಲರನ್ನೂ ನಗಿಸಿದಳು. ಕೊನೆಗೆ ಇದನ್ನು ಹೇಳಿದಳು: ಪ್ರತಿ ವರ್ಷ ಹೊಸಬರು ಸೇರಿದಾಗ ದಾಖಲೆ ಜೋಪಾನ ಮಾಡಿ ಎಂದು ಕಲಿಸಬೇಕಲ್ಲ, ಈ ವರ್ಷ ಸರ್ ತಮ್ಮದೇ ಉದಾಹರಣೆ ಕೊಟ್ಟರು. ತಮ್ಮ ಜೀವಮಾನದ ಫಿಲ್ಮುಗಳನ್ನು ಮನೆ ಗುಡಿಸುವಾಗ ತಾವೇ ರದ್ದಿಗೆ ಹಾಕಿ, ಆ ಹಣದಲ್ಲಿ ಪರದೆ ಹೊಲಿಸಿಕೊಂಡರಂತೆ!

"ಖುದ್ ಹೀ ದೇ ದಿಯಾ! ಪರ್ದೇ ಕೇ ಲಿಯೇ!"

ಸಭೆ ಬಿದ್ದು ಬಿದ್ದು ನಕ್ಕಿತು. ವೇದಿಕೆಯ ಮೇಲೆ ಅವನೂ ನಕ್ಕ, ನನ್ನ ಕಡೆ ನೋಡದೆ. ನಾನು ಎದ್ದು ನಿಲ್ಲಬೇಕಿತ್ತು. ಅದು ಅವನಲ್ಲ, ನಾನು ಎಂದು ಅಷ್ಟೂ ಜನರ ಮುಂದೆ ಹೇಳಬೇಕಿತ್ತು. ಎಷ್ಟೋ ಡಾಕ್ಟರುಗಳನ್ನು ನಿಂತ ನಿಲುವಿನಲ್ಲಿ ಗದರಿಸಿದವಳು ನಾನು. ಅಂದು ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡು ಕೂತೇ ಇದ್ದೆ. ಪಕ್ಕದವರು ನಕ್ಕಾಗ ನಾನೂ ಸ್ವಲ್ಪ ನಕ್ಕೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಿ ಬರೆದಿದ್ದೇನೆ. ಅವತ್ತು ನಕ್ಕವರಲ್ಲಿ ಒಬ್ಬರಾದರೂ ಓದಲಿ.

ಕಲ್ಯಾಣದಿಂದ ತಂದ ಆ ಖಾಲಿ ಫಿಲ್ಮು ಈಗ ನನ್ನಲ್ಲಿದೆ. ಅವನ ಮನೆಯಲ್ಲಿದ್ದರೆ ಕಳೆದುಹೋಗುತ್ತದೆ ಎಂದು ನಾನೇ ಕೇಳಿ ತಂದೆ. ನನ್ನ ಕಪಾಟಿನಲ್ಲಿ, ಮಡಿಚಿಟ್ಟ ಹಾಸಿಗೆ ಬಟ್ಟೆಗಳ ಮೇಲೆ ಇಟ್ಟಿದ್ದೇನೆ. ಯಾವ ಉಪಯೋಗಕ್ಕೂ ಬಾರದ ವಸ್ತು ನಮ್ಮ ಮನೆಯಲ್ಲಿ ಅದೊಂದೇ.

ಕಳೆದ ಭಾನುವಾರ ತಮ್ಮ ಊಟಕ್ಕೆ ಬಂದಿದ್ದ. ಕೈ ಒರೆಸಲು ಬಟ್ಟೆ ಬೇಕೆಂದು ಕಪಾಟು ತೆರೆದವನು ಅಲ್ಲೇ ಸ್ವಲ್ಪ ಹೊತ್ತು ನಿಂತ. ಮಜ್ಜಿಗೆ ಕುಡಿದು, ಭಾವನನ್ನು ಕೆಣಕಿ, ನಾಲ್ಕೂ ಹತ್ತರ ಗಾಡಿಗೆಂದು ಹೊರಟ. ನಾನು ಕಪಾಟು ತೆರೆದು ನೋಡಿದರೆ ಫಿಲ್ಮಿನ ಮೂಲೆಯಲ್ಲಿ ಒಂದು ಹಳದಿ ಚುಕ್ಕೆ.

ಕೆಳಗೆ ಲಿಫ್ಟಿನ ಬಾಗಿಲು ಹಾಕಿದ ಸದ್ದು ಕೇಳುವವರೆಗೆ ಕಾದೆ. ಆಮೇಲೆ ಉಗುರಿನಿಂದ ಮೆಲ್ಲಗೆ, ಗಾಯದ ಪಟ್ಟಿ ತೆಗೆಯುವ ಹಾಗೆ, ಅದನ್ನು ಕಿತ್ತೆ. ಸೋಮವಾರದವರೆಗೆ ಕಾಯಲಿಲ್ಲ.